ಹಿಟ್ ರೇಟ್ ಇರಲಿ, ಸುದ್ದಿ ಎಷ್ಟು ಹಳೆಯದು?

ಕಾರುಗಳು ಒಂದಕ್ಕೊಂದು ಸುದ್ದಿ ಹಂಚಿಕೊಳ್ಳುವ ವ್ಯವಸ್ಥೆಗೆ ಮಷಿನ್ ಲರ್ನಿಂಗ್ ಮಾಡೆಲ್ ಕಟ್ಟಿಕೊಡುವುದು ನನ್ನ ಕೆಲಸ. ವೈಟ್‌ಫೀಲ್ಡ್ ಇರಲಿ, ಎಲೆಕ್ಟ್ರಾನಿಕ್ ಸಿಟಿ ಇರಲಿ, ಮೀಟಿಂಗ್‌ನ ಮೊದಲ ಸ್ಲೈಡ್ ಒಂದೇ: ಕಾರುಗಳ ಸುದ್ದಿ ಕೂಡಿಟ್ಟುಕೊಳ್ಳುವ ರಸ್ತೆ ಬದಿಯ ಪುಟ್ಟ ಕಂಪ್ಯೂಟರ್, ಅದೇ ಎಡ್ಜ್ ಪೆಟ್ಟಿಗೆ, ಅದರ ಹಿಟ್ ರೇಟ್. ಅಂದರೆ ಕೇಳಿದ್ದರಲ್ಲಿ ಎಷ್ಟು ಪಾಲು ಪೆಟ್ಟಿಗೆಯಲ್ಲೇ ಸಿಕ್ಕಿತು ಅನ್ನುವ ಲೆಕ್ಕ. ಕಾರು ಕೇಳಿದ್ದು ಕ್ಲೌಡ್‌ವರೆಗೂ ಹೋಗದೆ ಅಲ್ಲೇ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಸಿಕ್ಕಿದ್ದು ಎಷ್ಟು ಹಳೆಯದು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹಾಡು, ಸಿನಿಮಾ ಹಂಚುವುದಾದರೆ ಹಿಟ್ ರೇಟ್ ಸಾಕು. ರಸ್ತೆಯ ಸುದ್ದಿ ಹಾಗಲ್ಲ. ಸಿಗ್ನಲ್ ಇನ್ನೆಷ್ಟು ಹೊತ್ತು ಹಸಿರು ಅನ್ನುವುದಕ್ಕೆ ಕೆಲವೇ ಸೆಕೆಂಡ್ ಬೆಲೆ. ಅಂಡರ್‌ಪಾಸ್‌ನ ನೀರಿಗೆ ಒಂದೆರಡು ಗಂಟೆ ಇರಬಹುದು. ಗುಂಡಿಯ ಸುದ್ದಿ ಮಾತ್ರ ನಮ್ಮೂರಲ್ಲಿ ಮುಂದಿನ ಮಳೆಗಾಲದವರೆಗೂ ತಾಜಾ! 72 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಮುಂದಿನವರು ಬ್ರೇಕ್ ಹಾಕಿದ್ದು ಒಂದು ಸೆಕೆಂಡ್ ತಡವಾಗಿ ತಿಳಿದು ಏನು ಪ್ರಯೋಜನ? ಸುದ್ದಿಯ ವಯಸ್ಸನ್ನೇ ಅಳೆಯುವ ಪದ್ಧತಿಯನ್ನು ಸಂಶೋಧಕರು 2011ರಲ್ಲೇ, ಅದೂ ವಾಹನಗಳ ಜಾಲಕ್ಕಾಗಿಯೇ, ಮುಂದಿಟ್ಟಿದ್ದರು. ಮೀಟಿಂಗ್ ರೂಮಿಗೆ ಅದಿನ್ನೂ ಬಂದಿಲ್ಲ.

ಅದಕ್ಕೇ ಹೇಳುವುದು, ಪ್ರತಿ ಸುದ್ದಿಗೂ ಸಮಯ ಅಂಟಿಸಿ. ಪೆಟ್ಟಿಗೆಗೆ ಬಂದ ಸಮಯ ಅಲ್ಲ, ಕಾರು ಕಣ್ಣಾರೆ ಕಂಡ ಸಮಯ. ಮತ್ತೆ ಹೇಳುತ್ತೇನೆ, ಕಂಡ ಸಮಯ. ಹತ್ತು ಕಾರು ದಾಟಿ ಬಂದ ಸುದ್ದಿ ಪೆಟ್ಟಿಗೆಗೆ ಹೊಸದಾಗಿಯೇ ಕಾಣುತ್ತದೆ, ಅಲ್ವಾ?

ಒಂದು ಪ್ರಯೋಗದಲ್ಲಿ ಮಳೆ ನಿಂತು ನೀರು ಇಳಿದ ಮೇಲೂ ಮಾಡೆಲ್ ಅಂಡರ್‌ಪಾಸ್ ಮುಚ್ಚಿದೆ ಅಂತಲೇ ಹೇಳುತ್ತಿತ್ತು. ಅದರ ಮಾತು ಕೇಳಿ ನಮ್ಮ ಕಾರುಗಳೆಲ್ಲ ಬೇರೆ ದಾರಿ ಹಿಡಿದಿದ್ದವು. ಯಾರೂ ಹೋಗದಿದ್ದರೆ ನೀರಿಲ್ಲ ಅಂತ ತಿಳಿಸುವವರು ಯಾರು? ಆಟೋದವರು ಮಾತ್ರ ಆರಾಮಾಗಿ ನುಗ್ಗುತ್ತಿದ್ದರು, ಅವರ ಹತ್ತಿರ ನಮ್ಮ ಉಪಕರಣ ಇಲ್ಲವಲ್ಲ. ಇದನ್ನು ವಿವರಿಸಿದ ಮೇಲೂ ಅಲ್ಲಿನ ಮ್ಯಾನೇಜರ್, ಪಾಪ ಒಳ್ಳೆಯ ಮನುಷ್ಯ, ಕೇಳಿದ್ದು ಇಷ್ಟೇ: "ಆದ್ರೂ ಹಿಟ್ ರೇಟ್ ಚೆನ್ನಾಗಿದೆಯಲ್ಲ ಸಾರ್?"

ಹಾಗಂತ ಹಳೆಯದನ್ನೆಲ್ಲ ಸುಮ್ನೆ ಅಳಿಸಿಬಿಡಿ ಅನ್ನುತ್ತಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನ ನೀರಲ್ಲಿ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ತೀರಿಕೊಂಡರು. ನೀರಿನ ವಿಷಯದಲ್ಲಿ ಮಾಡೆಲ್ ತಪ್ಪುವುದಾದರೆ 'ಮುಚ್ಚಿದೆ' ಅಂತಲೇ ತಪ್ಪಲಿ. ಸಿಗ್ನಲ್ ವಿಷಯದಲ್ಲಿ ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಲಿ. ಎಷ್ಟು ಹೊತ್ತು ನಂಬಬೇಕು ಅನ್ನುವುದನ್ನು ಬಹುಶಃ ಒಂದೊಂದು ಅಂಡರ್‌ಪಾಸ್‌ಗೂ ಬೇರೆ ಬೇರೆಯಾಗಿ ಕಲಿಸಬೇಕು. ಅದಕ್ಕೆ ಕಡೇಪಕ್ಷ ಒಂದು ಮಳೆಗಾಲದ ಡೇಟಾ ಬೇಕು. ಜನವರಿಯಲ್ಲಿ ಬಂದು ಮುಂದಿನ ವಾರ ಡೆಮೊ ಇದೆ ಅಂದರೆ ನಾನೇನು ಮಳೆ ತರಿಸಲೇ?