ಸೊಪ್ಪು ಬೆಳೆಗೆ ಪೋಷಕ ದ್ರಾವಣ: ಬೋರ್‌ವೆಲ್ ನೀರಿನ ಲೆಕ್ಕದಿಂದ ಹಿಡಿದು

ಗೊಬ್ಬರ ಕೊಳ್ಳುವ ಮುಂಚೆ ನೀರಿನ ಪರೀಕ್ಷಾ ವರದಿ ಕೈಯಲ್ಲಿರಬೇಕು. ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಬೆಳೆಯುವುದು) ಕಲಿಯುವವರಲ್ಲಿ ಹೆಚ್ಚಿನವರು ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಎಲೆ ಹಳದಿಯಾದ ಮೇಲೆ ನೀರಿನ ಕಡೆ ನೋಡುತ್ತಾರೆ. ಕೋಲಾರ, ತುಮಕೂರು, ಬೆಂಗಳೂರಿನ ಸುತ್ತಮುತ್ತಲ ಬಹುಪಾಲು ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಆಗಲೇ ಕರಗಿರುತ್ತವೆ, ಜೊತೆಗೆ ಬೈಕಾರ್ಬೊನೇಟ್ ಕೂಡ. ಅಂಥ ನೀರೇ ಒಂದು ಗೊಬ್ಬರ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮೇಲೆ ಇನ್ನಷ್ಟು ಸುರಿದರೆ ದ್ರಾವಣದ ಸಮತೋಲ ಮೊದಲ ದಿನವೇ ಕೆಡುತ್ತದೆ.

ವರದಿಯಲ್ಲಿ ನೋಡಬೇಕಾದದ್ದು ಇಸಿ (ವಿದ್ಯುತ್ ವಾಹಕತೆ, ಅಂದರೆ ಕರಗಿದ ಒಟ್ಟು ಲವಣದ ಅಳತೆ), ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಕ್ಲೋರೈಡ್ ಮತ್ತು ಬೈಕಾರ್ಬೊನೇಟ್. ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಅಷ್ಟು ಮುಖ್ಯವಲ್ಲ. ಪಿಎಚ್ 7.8 ಇರುವ ಎರಡು ನೀರಿನಲ್ಲಿ ಒಂದು ನಾಲ್ಕು ಹನಿ ಆಮ್ಲಕ್ಕೆ ಇಳಿದೀತು, ಇನ್ನೊಂದು ಅರ್ಧ ಲೋಟ ಕುಡಿದರೂ ಅಲುಗಾಡದೆ ಇದ್ದೀತು. ಆ ವ್ಯತ್ಯಾಸ ಮಾಡುವುದು ಬೈಕಾರ್ಬೊನೇಟ್.

ಇಲ್ಲಿರುವ ಲೆಕ್ಕವೆಲ್ಲ ಲೆಟ್ಯೂಸ್ ಮತ್ತು ಅದರಂಥ ಸೊಪ್ಪುಗಳಿಗೆ, ನೀರು ಸುತ್ತಿ ಮತ್ತೆ ಟ್ಯಾಂಕಿಗೆ ಬರುವ ಪೈಪ್ ವ್ಯವಸ್ಥೆಗೆ.

ಮೂಲ ಪಾಕ, 1000 ಲೀಟರ್‌ಗೆ

ಆರ್‌ಒ ನೀರು (ಫಿಲ್ಟರ್‌ನಲ್ಲಿ ಲವಣ ತೆಗೆದದ್ದು) ಅಥವಾ ಶುದ್ಧ ಮಳೆನೀರು ಬಳಸುವುದಾದರೆ ಇಷ್ಟು. ಆವರಣದ ಮೂರು ಸಂಖ್ಯೆಗಳು ಚೀಲದ ಮೇಲೆ ಬರೆದಿರುವ ಸಾರಜನಕ, ರಂಜಕ, ಪೊಟ್ಯಾಶ್‌ನ ಶೇಕಡಾವಾರು:

ಕ್ಯಾಲ್ಸಿಯಂ ನೈಟ್ರೇಟ್ (15.5-0-0) – 700 ಗ್ರಾಂ
ಪೊಟ್ಯಾಶಿಯಂ ನೈಟ್ರೇಟ್ (13-0-45) – 350 ಗ್ರಾಂ
ಮೋನೋ ಪೊಟ್ಯಾಶಿಯಂ ಫಾಸ್ಫೇಟ್ (0-52-34) – 180 ಗ್ರಾಂ
ಮೆಗ್ನೀಷಿಯಂ ಸಲ್ಫೇಟ್, ಹರಳಿನ ರೂಪದ್ದು – 400 ಗ್ರಾಂ
ಕಬ್ಬಿಣದ ಇಡಿಟಿಎ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಕೀಲೇಟ್, ಶೇ. 12) – 20 ಗ್ರಾಂ
ಮ್ಯಾಂಗನೀಸ್ ಸಲ್ಫೇಟ್ 1.6 ಗ್ರಾಂ, ಬೋರಿಕ್ ಆಮ್ಲ 1.8 ಗ್ರಾಂ, ಜಿಂಕ್ ಸಲ್ಫೇಟ್ (ಶೇ. 21) 0.5 ಗ್ರಾಂ, ಕಾಪರ್ ಸಲ್ಫೇಟ್ 0.2 ಗ್ರಾಂ, ಸೋಡಿಯಂ ಮಾಲಿಬ್ಡೇಟ್ 0.13 ಗ್ರಾಂ

ಪಿಪಿಎಂ (ಲೀಟರ್ ನೀರಿನಲ್ಲಿ ಎಷ್ಟು ಮಿ.ಗ್ರಾಂ) ಲೆಕ್ಕ ಸುಲಭ. 1000 ಲೀಟರ್‌ಗೆ ಹಾಕಿದ ಗ್ರಾಂಗಳನ್ನು ಗೊಬ್ಬರದಲ್ಲಿರುವ ಅಂಶದ ಶೇಕಡಾವಾರಿನಿಂದ ಗುಣಿಸಿದರೆ ನೇರ ಪಿಪಿಎಂ ಸಿಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಶೇ. 18.8 ಕ್ಯಾಲ್ಸಿಯಂ ಇದೆ. 700 ಗ್ರಾಂಗೆ 132 ಪಿಪಿಎಂ. ಒಟ್ಟಾರೆ ಈ ಪಾಕದಲ್ಲಿ ಸಾರಜನಕ 154, ರಂಜಕ 41, ಪೊಟ್ಯಾಶಿಯಂ 181, ಕ್ಯಾಲ್ಸಿಯಂ 132, ಮೆಗ್ನೀಷಿಯಂ 39 ಪಿಪಿಎಂ ಬರುತ್ತವೆ. ಇಸಿ ಸುಮಾರು 1.5 ಮಿಲಿಸೀಮೆನ್ಸ್.

ಎಲ್ಲರೂ ಎಡವುವ ಜಾಗ ಒಂದಿದೆ. ಚೀಲದ ಮೇಲಿನ 52 ಎಂಬುದು ರಂಜಕವಲ್ಲ, ರಂಜಕದ ಆಕ್ಸೈಡ್. 45 ಎಂಬುದು ಪೊಟ್ಯಾಶಿಯಂ ಅಲ್ಲ, ಪೊಟ್ಯಾಶ್. ರಂಜಕಕ್ಕೆ 0.436ರಿಂದ, ಪೊಟ್ಯಾಶ್‌ಗೆ 0.83ರಿಂದ ಗುಣಿಸಿ ಅಂಶಕ್ಕೆ ತರಬೇಕು. ಇದನ್ನು ಮರೆತವರ ದ್ರಾವಣದಲ್ಲಿ ರಂಜಕ ತಾವು ಅಂದುಕೊಂಡದ್ದರ ಅರ್ಧಕ್ಕೂ ಕಡಿಮೆ ಇರುತ್ತದೆ. ಇನ್ನೊಂದು, ಕ್ಯಾಲ್ಸಿಯಂ ನೈಟ್ರೇಟಿನಲ್ಲೂ ಎರಡು ಬಗೆ. ಹರಳಿನ ರೂಪದ ಟೆಟ್ರಾಹೈಡ್ರೇಟಿನಲ್ಲಿ ಸಾರಜನಕ ಶೇ. 11.9, ಕ್ಯಾಲ್ಸಿಯಂ ಶೇ. 17 ಮಾತ್ರ. ಡ್ರಿಪ್ ಗೊಬ್ಬರದ ಅಂಗಡಿಯಲ್ಲಿ ಸಿಗುವ ಬಿಳಿ ಗುಂಡುಗಳು 15.5ರವು. ಚೀಲ ಓದಿಯೇ ತೂಗಿ.

19-19-19 ಒಂದನ್ನೇ ಕರಗಿಸಿ ಬೆಳೆದು ನೋಡುವ ಆಸೆ ಹೊಸಬರಿಗೆಲ್ಲ ಇರುತ್ತದೆ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡಿಕೊಡುತ್ತವೆ, ಹೊಸ ಪೈಪಿನಲ್ಲಿ ಆ ಜೀವಿಗಳಿಲ್ಲ. ಯೂರಿಯಾ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಇಸಿ ಮೀಟರಿಗೂ ಅದು ಕಾಣುವುದಿಲ್ಲ. ಮೇಲಾಗಿ 19-19-19ರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ.

ಎ ಕ್ಯಾನ್, ಬಿ ಕ್ಯಾನ್

ದಿನದಿನ ತೂಗುವುದು ಆಗದ ಮಾತು. ಹಾಗಾಗಿ ನೂರು ಪಟ್ಟು ಗಟ್ಟಿ ದ್ರಾವಣ ಮಾಡಿಟ್ಟುಕೊಳ್ಳುತ್ತೇವೆ. 10 ಲೀಟರ್‌ನ ಎರಡು ಕ್ಯಾನ್ ಸಾಕು, 1000 ಲೀಟರ್‌ನ ಪಾಕ ಪೂರ್ತಿ ಇವೆರಡರಲ್ಲಿ ಕರಗುತ್ತದೆ. ಎ ಕ್ಯಾನಿಗೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣ. ಉಳಿದದ್ದೆಲ್ಲ ಬಿ ಕ್ಯಾನಿಗೆ. ಬಳಸುವಾಗ 100 ಲೀಟರ್ ನೀರಿಗೆ ಎ 1 ಲೀಟರ್, ಬಿ 1 ಲೀಟರ್.

ಎರಡನ್ನೂ ಒಂದೇ ಕ್ಯಾನಿಗೆ ಹಾಕಿದರೆ ಏನಾಗುತ್ತದೆ ಎಂದು ಒಮ್ಮೆ ಬೇಕೆಂದೇ ಮಾಡಿ ನೋಡಬೇಕು. ಒಂದು ಗಾಜಿನ ಲೋಟದಲ್ಲಿ ಎ 20 ಮಿ.ಲೀ. ತೆಗೆದುಕೊಂಡು ಬಿ 20 ಮಿ.ಲೀ. ಸುರಿಯಿರಿ. ತಿಳಿಯಾಗಿದ್ದದ್ದು ಹಾಲು ಬೆರೆಸಿದಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಎ ಕ್ಯಾನಿನ ಕ್ಯಾಲ್ಸಿಯಂ, ಬಿ ಕ್ಯಾನಿನ ಸಲ್ಫೇಟಿನ ಜೊತೆ ಸೇರಿ ಜಿಪ್ಸಂ ಆಯಿತು, ಫಾಸ್ಫೇಟಿನ ಜೊತೆ ಸೇರಿ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಆಯಿತು. ಅದು ಮತ್ತೆ ಕರಗುವುದಿಲ್ಲ, ಗಿಡಕ್ಕೂ ದಕ್ಕುವುದಿಲ್ಲ. ನೂರು ಪಟ್ಟು ತೆಳುವಾದ ಟ್ಯಾಂಕಿನಲ್ಲಿ ಮಾತ್ರ ಇವು ಜಗಳವಿಲ್ಲದೆ ಇರುತ್ತವೆ. ಆದ್ದರಿಂದ ಟ್ಯಾಂಕಿನಲ್ಲಿ ಮೊದಲು ನೀರು ತುಂಬಿ, ಎ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ. ಒಂದೇ ಅಳತೆ ಜಗ್ಗನ್ನು ತೊಳೆಯದೆ ಎರಡಕ್ಕೂ ಬಳಸಬಾರದು.

0.13 ಗ್ರಾಂ ತೂಗುವುದು ಅಡುಗೆಮನೆಯ ತಕ್ಕಡಿಯಿಂದ ಆಗದು. ಸೂಕ್ಷ್ಮ ಪೋಷಕಾಂಶಗಳನ್ನೆಲ್ಲ ಹತ್ತು ಪಟ್ಟು ತೂಗಿ (ಮ್ಯಾಂಗನೀಸ್ 16, ಬೋರಿಕ್ 18, ಜಿಂಕ್ 5, ಕಾಪರ್ 2, ಮಾಲಿಬ್ಡೇಟ್ 1.3 ಗ್ರಾಂ) ಒಂದು ಲೀಟರ್ ನೀರಿನಲ್ಲಿ ಕರಗಿಸಿಡಿ. ಬಿ ಕ್ಯಾನ್ ಮಾಡುವಾಗಲೆಲ್ಲ ಅದರಿಂದ 100 ಮಿ.ಲೀ. ಬೋರಿಕ್ ಆಮ್ಲ ತಣ್ಣೀರಿನಲ್ಲಿ ಹಟ ಮಾಡುತ್ತದೆ, ಬಿಸಿನೀರಿನಲ್ಲಿ ಮೊದಲು ಕರಗಿಸಿಕೊಳ್ಳಿ. ಬೋರಾನ್ ವಿಷಯದಲ್ಲಿ ಕೈ ಬಿಗಿಯಾಗಿರಲಿ: ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು.

ಎ ಕ್ಯಾನ್ ಕಪ್ಪು ಬಣ್ಣದ್ದಾಗಿರಲಿ ಅಥವಾ ನೆರಳಿನಲ್ಲಿರಲಿ. ಬೆಳಕು ಬಿದ್ದರೆ ಕಬ್ಬಿಣದ ಕೀಲೇಟ್ ಒಡೆಯುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರಿ ಬೆಲ್ಲದಂತೆ ಅಂಟಾಗುತ್ತದೆ. ಒದ್ದೆಯಾದದ್ದನ್ನು ತೂಗಿದರೆ ನೀರನ್ನೂ ತೂಗಿದಂತೆ.

ಗಡಸು ನೀರಿಗೆ ಪಾಕ ಹೇಗೆ ಬದಲಾಗುತ್ತದೆ

ಒಂದು ವರದಿ ಹೀಗಿದೆ ಎಂದಿಟ್ಟುಕೊಳ್ಳೋಣ: ಇಸಿ 0.7, ಕ್ಯಾಲ್ಸಿಯಂ 60, ಮೆಗ್ನೀಷಿಯಂ 24, ಸೋಡಿಯಂ 40, ಬೈಕಾರ್ಬೊನೇಟ್ 244 ಪಿಪಿಎಂ. ಬೈಕಾರ್ಬೊನೇಟನ್ನು 61ರಿಂದ ಭಾಗಿಸಿದರೆ ಲೀಟರ್‌ಗೆ 4 ಮಿಲಿ ಈಕ್ವಿವಲೆಂಟ್ (ಎಷ್ಟು ಆಮ್ಲಕ್ಕೆ ಅದು ಸರಿದೂಗುತ್ತದೆ ಎಂಬ ಅಳತೆ). ಅದರಲ್ಲಿ 1 ಉಳಿಸಿ 3ನ್ನು ಆಮ್ಲದಿಂದ ತೆಗೆಯಬೇಕು. ಆ ಒಂದನ್ನು ಉಳಿಸದಿದ್ದರೆ ಪಿಎಚ್ ಹಿಡಿತವಿಲ್ಲದೆ ಕುಸಿಯುತ್ತದೆ.

ಯಾವ ಆಮ್ಲ? ಫಾಸ್ಫಾರಿಕ್ ಆಮ್ಲ ಒಂದು ಮಿಲಿ ಈಕ್ವಿವಲೆಂಟ್‌ಗೆ 31 ಪಿಪಿಎಂ ರಂಜಕ ತರುತ್ತದೆ. ಮೂರಕ್ಕೆ 93. ಪಾಕದಲ್ಲಿ ಬೇಕಿರುವುದೇ 41. ಹೆಚ್ಚಾದ ರಂಜಕ ಕಬ್ಬಿಣ, ಜಿಂಕ್‌ಗಳಿಗೆ ಅಡ್ಡ ಬರುತ್ತದೆ. ನೈಟ್ರಿಕ್ ಆಮ್ಲವಾದರೆ ಮೂರಕ್ಕೆ 42 ಪಿಪಿಎಂ ಸಾರಜನಕ, ಅದು ನಮಗೆ ಬೇಕಾದದ್ದೇ. ಶೇ. 60ರ ನೈಟ್ರಿಕ್ ಆಮ್ಲ 1000 ಲೀಟರ್‌ಗೆ ಸುಮಾರು 230 ಮಿ.ಲೀ. ಬೇಕಾಗುತ್ತದೆ.

ಇನ್ನು ಕಳೆಯುವ ಲೆಕ್ಕ. ಕ್ಯಾಲ್ಸಿಯಂ 132 ಬೇಕು, ನೀರಲ್ಲಿ 60 ಇದೆ, ಉಳಿದ 72ಕ್ಕೆ ಕ್ಯಾಲ್ಸಿಯಂ ನೈಟ್ರೇಟ್ 383 ಗ್ರಾಂ ಸಾಕು. ಮೆಗ್ನೀಷಿಯಂ 39ಕ್ಕೆ 15 ಕಡಿಮೆ ಬೀಳುತ್ತದೆ, ಅದಕ್ಕೆ 154 ಗ್ರಾಂ ಮೆಗ್ನೀಷಿಯಂ ಸಲ್ಫೇಟ್. ಕ್ಯಾಲ್ಸಿಯಂ ನೈಟ್ರೇಟ್ ಇಳಿಸಿದ್ದರಿಂದ ಸಾರಜನಕ 49 ಪಿಪಿಎಂ ಕಡಿಮೆಯಾಯಿತು, ಆಮ್ಲದಿಂದ 42 ವಾಪಸು ಬಂತು. ಒಟ್ಟು 147. ಪಾಕ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಗಡಸು ನೀರಿಗೆ ನೈಟ್ರಿಕ್ ಆಮ್ಲ ಇಷ್ಟು ಚೆನ್ನಾಗಿ ಹೊಂದುವುದು ಇದೇ ಕಾರಣಕ್ಕೆ: ಸುಣ್ಣದಂಶ ಎಷ್ಟು ಹೆಚ್ಚಿದೆಯೋ ಅಷ್ಟು ಕ್ಯಾಲ್ಸಿಯಂ ನೈಟ್ರೇಟ್ ಉಳಿತಾಯ, ಬಿಟ್ಟುಹೋದ ನೈಟ್ರೇಟ್ ಆಮ್ಲದಿಂದ ಭರ್ತಿ. ಸೋಡಿಯಂ ಕೂಡ ಸೇರುವುದರಿಂದ ಈ ನೀರಿನಲ್ಲಿ ಇಸಿ 1.5ರ ಬದಲು 1.65ರ ಹತ್ತಿರ ತೋರಿಸುತ್ತದೆ, ಅದು ಸರಿಯೇ. ಮಳೆನೀರು ಹಿಡಿದಿಡುವ ತೊಟ್ಟಿ ಇದ್ದರೆ ಅರ್ಧಕ್ಕರ್ಧ ಬೆರೆಸಿ; ನೀರಿನ ವರದಿಯ ಸಂಖ್ಯೆಗಳು ಹೆಚ್ಚುಕಡಿಮೆ ಅರ್ಧವಾಗುತ್ತವೆ, ಆಮ್ಲ ಮತ್ತು ಗೊಬ್ಬರದ ಲೆಕ್ಕ ಮತ್ತೆ ಮಾಡಬೇಕು.

ಆಮ್ಲವನ್ನು ನೀರಿಗೆ ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಬಾಟಲಿ ಬಿಚ್ಚಬೇಡಿ. ಆಮ್ಲ ಬಿದ್ದ ನೀರಿನಿಂದ ಸಣ್ಣ ಗುಳ್ಳೆ ಏಳುತ್ತವೆ, ಅದು ಇಂಗಾಲದ ಡೈಆಕ್ಸೈಡ್. ಅದು ಪೂರ್ತಿ ಹೊರಹೋಗುವವರೆಗೆ ಪಿಎಚ್ ಕಡಿಮೆಯೇ ತೋರಿಸುತ್ತದೆ. ರಾತ್ರಿಯಿಡೀ ಏರ್ ಪಂಪ್ ಹಾಕಿಟ್ಟು, ಬೆಳಿಗ್ಗೆ ಎ, ಬಿ ಬೆರೆಸಿ, ಆಮೇಲೆ ಅಳೆದು 5.8ರ ಆಸುಪಾಸಿಗೆ ತನ್ನಿ. 5.5ರಿಂದ 6.2ರವರೆಗೆ ತೂಗಾಡಿದರೆ ಚಿಂತೆಯಿಲ್ಲ. ದಿನಕ್ಕೆ ಮೂರು ಬಾರಿ ಆಮ್ಲ, ಕ್ಷಾರ ಹಾಕಿ ಸರಿಮಾಡುತ್ತ ಕೂರುವುದು ಬೇರಿಗೆ ಹೆಚ್ಚು ಕೆಡುಕು.

ಗಿಡ ಎಷ್ಟು ಕುಡಿಯಿತು, ಎಷ್ಟು ಉಂಡಿತು

ಇಸಿ ಮೀಟರ್ ಒಟ್ಟು ಲವಣ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಪಿಪಿಎಂ ತೋರಿಸುವ ಮೀಟರ್ ನಂಬಬೇಡಿ: ಒಂದೇ 1.5 ಇಸಿಯನ್ನು ಒಂದು ಮೀಟರ್ 750 ಎಂದರೆ ಇನ್ನೊಂದು 1050 ಎನ್ನುತ್ತದೆ, ಒಳಗಿನ ಗುಣಕ ಬೇರೆ ಬೇರೆ.

ಟ್ಯಾಂಕ್ ತುಂಬಿಸುವ ಮುಂಚೆ ಮಟ್ಟವನ್ನೂ ಇಸಿಯನ್ನೂ ಒಟ್ಟಿಗೆ ಬರೆದುಕೊಳ್ಳಿ. ಉದಾಹರಣೆಗೆ 100 ಲೀಟರ್, ಇಸಿ 1.5 ಇದ್ದದ್ದು ಮೂರು ದಿನಕ್ಕೆ 80 ಲೀಟರ್, ಇಸಿ 1.7 ಆಗಿದೆ. ಮೊದಲು 100 × 1.5 = 150 ಪಾಲು ಲವಣ ಇತ್ತು. ಈಗ 80 × 1.7 = 136. ಅಂದರೆ ಗಿಡಗಳು 20 ಲೀಟರ್ ಕುಡಿದು 14 ಪಾಲು ಉಂಡಿವೆ. 14ನ್ನು 20ರಿಂದ ಭಾಗಿಸಿದರೆ 0.7. ಮೇಲೆ ಹಾಕುವ 20 ಲೀಟರ್ ನೀರು 0.7 ಇಸಿಯದ್ದಾಗಿರಲಿ, ಟ್ಯಾಂಕ್ ಮತ್ತೆ 1.5ಕ್ಕೆ ನಿಲ್ಲುತ್ತದೆ. ಇಸಿ ಏರಿದೆಯೆಂದು ಬರೀ ನೀರು, ಇಳಿದಿದೆಯೆಂದು ಪೂರ್ತಿ ಪಾಕ, ಹೀಗೆ ಹಾವು ಏಣಿ ಆಡುವುದಕ್ಕಿಂತ ಈ ಭಾಗಾಕಾರ ಎಷ್ಟೋ ಮೇಲು. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ಗಿಡ ನೀರನ್ನೇ ಹೆಚ್ಚು ಕುಡಿಯುತ್ತದೆ, ಆ ಸಂಖ್ಯೆ ಇಳಿಯುತ್ತದೆ; ಆಗ ಟ್ಯಾಂಕಿನ ಇಸಿಯನ್ನೇ 1.2ಕ್ಕೆ ಇಳಿಸಬೇಕು. ಮೋಡ ಕವಿದ ಜುಲೈನಲ್ಲಿ 1.6, 1.7 ಇಟ್ಟರೂ ತಡೆಯುತ್ತದೆ. ಪಾಲಕ್ 2ರವರೆಗೆ ಒಪ್ಪುತ್ತದೆ, ಟೊಮೇಟೊಗೆ 2ರಿಂದ 3. ಸಸಿಗಳಿಗೆ 0.8 ಮೀರದಿರಲಿ.

ಹೀಗೆ ತುಂಬಿಸುತ್ತ ಹೋದರೂ ಸೋಡಿಯಂ, ಕ್ಲೋರೈಡ್ ಹಿಂದೆ ಉಳಿಯುತ್ತವೆ. ಗಿಡ ಅವನ್ನು ಅಷ್ಟಾಗಿ ಮುಟ್ಟುವುದಿಲ್ಲ, ಮೀಟರ್ ಮಾತ್ರ ಅವನ್ನೂ ಊಟವೆಂದೇ ಎಣಿಸುತ್ತದೆ. ಬೋರ್‌ವೆಲ್ ನೀರಾದರೆ ಎರಡು ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡುವುದು ಕ್ಷೇಮ.

ಪಿಎಚ್ ಏರುವುದು ಗಿಡ ನೈಟ್ರೇಟ್ ಉಣ್ಣುತ್ತಿರುವ ಲಕ್ಷಣ, ಆರೋಗ್ಯದ ಗುರುತೇ. ಇದ್ದಕ್ಕಿದ್ದಂತೆ ಇಳಿದರೆ ಬೇರು ಎತ್ತಿ ನೋಡಿ. ಪಿಎಚ್ ಮೀಟರ್ ಕೂಡ ಸುಳ್ಳು ಹೇಳುತ್ತದೆ, ವಾರಕ್ಕೊಮ್ಮೆ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಖಚಿತವಾಗಿ ಗೊತ್ತಿರುವ ದ್ರಾವಣ) ಸರಿಹೊಂದಿಸಿ, ತುದಿಯನ್ನು ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿಡಿ. ಆರ್‌ಒ ನೀರಿನಲ್ಲಿಟ್ಟರೆ ತುದಿ ಹಾಳಾಗುತ್ತದೆ.

ಎಲೆ ಮತ್ತು ಬೇರು ಹೇಳುವುದು

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣ. ಆದರೆ ಕಬ್ಬಿಣ ಸುರಿಯುವ ಮುಂಚೆ ಪಿಎಚ್ ನೋಡಿ. ಇಡಿಟಿಎ 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ. ಡಿಟಿಪಿಎ 7ರವರೆಗೂ, ಇಡಿಡಿಎಚ್‌ಎ 9ರವರೆಗೂ ಹಿಡಿದಿರುತ್ತದೆ. ಪಿಎಚ್ ಏರುತ್ತಲೇ ಇರುವ ಗಡಸು ನೀರಿಗೆ ಸ್ವಲ್ಪ ದುಬಾರಿಯಾದರೂ ಈ ಎರಡರಲ್ಲೊಂದು. ಇದೇ ಹಳದಿ ಹಳೆಯ ಎಲೆಯಲ್ಲಿ ಕಂಡರೆ ಮೆಗ್ನೀಷಿಯಂ.

ಲೆಟ್ಯೂಸ್‌ನ ಒಳಗಿನ ಎಳೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತಾಗುವುದು ಕ್ಯಾಲ್ಸಿಯಂ ಕೊರತೆ. ಹಾಗೆಂದು ಕ್ಯಾಲ್ಸಿಯಂ ನೈಟ್ರೇಟ್ ಹೆಚ್ಚಿಸಿದರೆ ಇಸಿ ಏರಿ ಇನ್ನಷ್ಟು ಸುಡುತ್ತದೆ. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಮುಚ್ಚಿಕೊಂಡ ಒಳ ಎಲೆಯಿಂದ ನೀರು ಆವಿಯಾಗದೆ ಅಲ್ಲಿಗೆ ತಲುಪುತ್ತಿಲ್ಲ. ಫ್ಯಾನ್ ಹಾಕಿ ಗಾಳಿ ಆಡಿಸಿ, ಇಸಿ ಇಳಿಸಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಪರದೆ ಎಳೆಯಿರಿ.

ಬೇರು ಬೆಳ್ಳಗೆ, ಹಿಡಿದರೆ ಗಟ್ಟಿಯಾಗಿರಬೇಕು. ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ತರುವ ಬೇರು ಕೊಳೆ. ಇದರ ಹಿಂದೆ ಸಾಮಾನ್ಯವಾಗಿ ಬಿಸಿ ನೀರು ಇರುತ್ತದೆ. 20 ಡಿಗ್ರಿಯಲ್ಲಿ ನೀರು ಲೀಟರ್‌ಗೆ 9.1 ಮಿ.ಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ 7.5, ಬೆಂಗಳೂರಿನ ಎತ್ತರದಲ್ಲಿ ಅದಕ್ಕಿಂತ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ತಾರಸಿಯ ಮೇಲಿನ ಕಪ್ಪು ಟ್ಯಾಂಕ್ ಮಧ್ಯಾಹ್ನಕ್ಕೆ 30 ದಾಟುವುದು ಸುಲಭ. ಟ್ಯಾಂಕನ್ನು ನೆಲದಲ್ಲಿ ಹೂಳಿ, ಆಗದಿದ್ದರೆ ಬಿಳಿ ಬಣ್ಣ ಬಳಿದು ನೆರಳಿಗೆ ತನ್ನಿ. ಪೈಪಿನಿಂದ ಹಿಂತಿರುಗುವ ನೀರು ಒಂದಡಿ ಮೇಲಿನಿಂದ ಧುಮುಕಿದರೆ ಗಾಳಿ ತಾನಾಗಿ ಬೆರೆಯುತ್ತದೆ.

ಕೊಳೆ ಬಂದ ವ್ಯವಸ್ಥೆಯನ್ನು ಮುಂದಿನ ಬೆಳೆಗೆ ಮುಂಚೆ ತೊಳೆಯಲೇಬೇಕು: 10 ಲೀಟರ್ ನೀರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 40 ಮಿ.ಲೀ. ಬೆರೆಸಿ ಅರ್ಧ ಗಂಟೆ ಹರಿಸಿ, ಎರಡು ಬಾರಿ ಬರೀ ನೀರಿನಲ್ಲಿ ತೊಳೆಯಿರಿ. ಇದು ಆಮ್ಲದ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎರಡರ ಬಾಟಲಿಗಳನ್ನು ಒಂದೇ ಕಡೆ ಇಡಬೇಡಿ.

ಖಾಲಿ ಮಾಡಿದ ದ್ರಾವಣ ಚರಂಡಿಗೆ ಹೋಗದಿರಲಿ. ತಾಜಾ ಪಾಕವಾದರೆ 100 ಲೀಟರ್‌ನಲ್ಲಿ 15 ಗ್ರಾಂ ಸಾರಜನಕ ಇರುತ್ತದೆ, ಹೆಚ್ಚುಕಡಿಮೆ 33 ಗ್ರಾಂ ಯೂರಿಯಾಕ್ಕೆ ಸಮ. ಬಳಸಿದ್ದರಲ್ಲೂ ಅದರ ಒಳ್ಳೆಯ ಪಾಲು ಉಳಿದಿರುತ್ತದೆ. ತೆಂಗಿನ ಮರದ ಪಾತಿಗೆ ನೇರವಾಗಿ, ಕರಿಬೇವು, ದಾಸವಾಳದ ಕುಂಡಗಳಿಗೆ ಒಂದಕ್ಕೊಂದು ನೀರು ಬೆರೆಸಿ ಹಾಕಿ.