ಹೋಮ್ ಫ್ರಂಟ್: ಗೇರುಬೀಜದಿಂದ ಕರಿಮಣಿಯವರೆಗೆ

'ಫ್ರಂಟ್' ಅಂದರೆ ಎರಡು ಸೈನ್ಯಗಳು ಮುಖಾಮುಖಿಯಾಗುವ ಗಡಿಗೆರೆ. ಅದರ ಹಿಂದೆ 'ಹೋಮ್' ಸೇರಿಸಿ ಹೇಳುವ ರೂಢಿ ಬಲವಾದದ್ದು ಮೊದಲ ಮಹಾಯುದ್ಧದಲ್ಲಿ. 'ಗೃಹರಂಗ' ಎಂದು ಕನ್ನಡಿಸಬಹುದು. ಆದರೆ ಓದುವವರಿಗೆ ಗೃಹಖಾತೆಯೋ ಗೃಹಿಣಿಯೋ ನೆನಪಾಗಿ ಅರ್ಥ ದಾರಿ ತಪ್ಪುತ್ತದೆ. ಇಲ್ಲಿ 'ಹೋಮ್' ಅಂದರೆ ನಾಲ್ಕು ಗೋಡೆಯ ಮನೆಯಲ್ಲ, ಸ್ವದೇಶ. ಸೈನ್ಯಕ್ಕೆ ಮದ್ದುಗುಂಡು, ಬಟ್ಟೆ, ಅನ್ನ, ದುಡ್ಡು ಒದಗಿಸುವ ನಾಗರಿಕರ ಬದುಕಿಡೀ ಅದರೊಳಗೆ ಬರುತ್ತದೆ. ಅಡುಗೆಮನೆಯೂ ಬರುತ್ತದೆ.

ಈ ಪದದ ಜೊತೆ ಅಂಟಿಕೊಂಡು ಬರುವ ಒಂದು ಮಾತಿದೆ: ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಮೊದಲ ಬಾರಿಗೆ ದುಡಿಯಲು ಹೊರಟರು ಎಂದು. ಮಂಗಳೂರಿನಲ್ಲಿ ನಿಂತು ನೋಡಿದರೆ ಇದು ತಮಾಷೆಯಾಗಿ ಕಾಣುತ್ತದೆ. ಇಲ್ಲಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಗದ್ದೆಯಲ್ಲಿ ನೇಜಿ ನೆಟ್ಟವರು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು ಯಾರು? ಬ್ರಿಟನ್ನಿನಲ್ಲೂ ಮದ್ದುಗುಂಡಿನ ಕಾರ್ಖಾನೆಗೆ ಬಂದವರಲ್ಲಿ ಬಹಳ ಮಂದಿ ಅದಕ್ಕೆ ಮೊದಲು ಮನೆಗೆಲಸದಲ್ಲೋ ಬಟ್ಟೆ ಮಿಲ್ಲಿನಲ್ಲೋ ಇದ್ದವರೇ. ದುಡಿಮೆ ಹೊಸತಲ್ಲ. ಯಾವ ಕೆಲಸ, ಎಷ್ಟು ಕೂಲಿ, ಎಷ್ಟು ದಿನಕ್ಕೆ ಎಂಬುದು ಹೊಸತು.

ಇದನ್ನು ತಿಳಿಯಲು 'ಡೈಲ್ಯೂಷನ್' ಎಂಬ ಇನ್ನೊಂದು ಪದ ಬೇಕು. ಸಾರಿಗೆ ನೀರು ಬೆರೆಸಿದ ಹಾಗೆ, ಕುಶಲ ಕೆಲಸವನ್ನು ತೆಳು ಮಾಡುವುದು. 1915ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರಕಾರವೂ ಕಾರ್ಮಿಕ ಸಂಘಗಳೂ ಇದಕ್ಕೆ ಒಪ್ಪಂದ ಮಾಡಿಕೊಂಡವು. ಅದಕ್ಕೆ ಮುಂಚೆ ಲೇತಿನ, ಅಂದರೆ ಲೋಹ ಕಡೆಯುವ ಯಂತ್ರದ, ಮೇಲಿನ ಕೆಲಸವನ್ನು ವರ್ಷಗಟ್ಟಲೆ ಕಲಿತ ಟರ್ನರ್ ಮೊದಲಿನಿಂದ ಕೊನೆಯವರೆಗೆ ತಾನೇ ಮಾಡುತ್ತಿದ್ದ. ಈಗ ಅದನ್ನು ತುಂಡು ಮಾಡಿದರು. ಯಂತ್ರವನ್ನು ಹೊಂದಿಸಿ ಕೊಡುವುದು ಟರ್ನರನ ಪಾಲು. ಶೆಲ್ಲಿನ (ಫಿರಂಗಿ ಗುಂಡಿನ) ಹೊರಮೈ ಕಡೆಯುವುದು ಒಬ್ಬಳಿಗೆ, ಒಳಗನ್ನು ಕೊರೆಯುವುದು ಇನ್ನೊಬ್ಬಳಿಗೆ. ಅಳತೆ ನೋಡಲು ಎರಡು ತುದಿಯ ಗೇಜು. ಒಂದು ತುದಿ ಹೊಗಬೇಕು, ಇನ್ನೊಂದು ಹೊಗಬಾರದು, ಅಷ್ಟೇ. ಇಂಥ ಒಂದು ತುಂಡು ಕೆಲಸ ಕಲಿಯಲು ವರ್ಷಗಳು ಬೇಡ, ವಾರಗಳು ಸಾಕು.

ಗೇರುಬೀಜದ ಫ್ಯಾಕ್ಟರಿ ಕಂಡವರಿಗೆ ಇದು ಕೂಡಲೇ ಹೊಳೆಯುತ್ತದೆ. ಹುರಿಯುವುದು ಒಂದು ಕಡೆ, ಒಡೆಯುವುದು ಒಂದು ಕಡೆ. ಬೋರ್ಮದಲ್ಲಿ (ಬಿಸಿಗಾಳಿಯ ಒಣಗೂಡಿನಲ್ಲಿ) ಒಣಗಿದ ಮೇಲೆ ಒಳಸಿಪ್ಪೆ ಸುಲಿಯುವುದು ಬೇರೆ, ಗ್ರೇಡಿಂಗ್ ಬೇರೆ. 'ಡಬ್ಲ್ಯೂ 320' ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 320 ಇಡೀ ತಿರುಳು. ಅದನ್ನು ಕಣ್ಣಳತೆಯಲ್ಲೇ ಬೇರ್ಪಡಿಸುವ ಹೆಂಗಸಿನ ಕೆಲಸವನ್ನು ಕುಶಲವಲ್ಲ ಎನ್ನಲು ಧೈರ್ಯ ಬೇಕು. ಆದರೂ ಹಾಗೆಯೇ ಎನ್ನುತ್ತಾರೆ, ಕೂಲಿಯೂ ಅದಕ್ಕೆ ತಕ್ಕಂತೆ. ಬ್ರಿಟನ್ನಿನ ಮಾಲೀಕರ ವಾದವೂ ಇದೇ: ಯಂತ್ರ ಹೊಂದಿಸಿದ್ದು ಬೇರೆಯವನು, ಇವಳು ಮಾಡಿದ್ದು ತುಂಡು ಕೆಲಸ, ಹಾಗಾಗಿ ಪೂರ್ತಿ ಕೂಲಿ ಇಲ್ಲ. 1918ರ ಆಗಸ್ಟಿನಲ್ಲಿ ಲಂಡನ್ನಿನ ಬಸ್ಸು-ಟ್ರಾಮುಗಳ ಕಂಡಕ್ಟರ್ ಹೆಂಗಸರು ಗಂಡಸರಷ್ಟೇ ಯುದ್ಧಭತ್ಯೆ ಬೇಕೆಂದು ಮುಷ್ಕರ ಹೂಡಿ ಗೆದ್ದರು.

ಮೈಗೆ ತಗಲಿದ್ದೂ ಒಂದೇ ತರಹ. ಶೆಲ್ಲಿಗೆ ಟಿಎನ್‌ಟಿ ಎಂಬ ಸ್ಫೋಟಕ ತುಂಬುತ್ತಿದ್ದವರ ಚರ್ಮ, ಕೂದಲು ಹಳದಿಗಟ್ಟಿ, ಅವರಿಗೆ 'ಕ್ಯಾನರಿ ಗರ್ಲ್ಸ್' ಎಂಬ ಹೆಸರೇ ಬಿತ್ತು. ಕೆಲವರು ಅದರಿಂದ ಬಂದ ಕಾಮಾಲೆಗೆ ಸತ್ತರು. ನಮ್ಮಲ್ಲಿ ಗೇರುಸಿಪ್ಪೆಯ ಎಣ್ಣೆ ಕೈ ಸುಡುತ್ತದೆ. ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡೇ ಒಡೆಯಲು ಕೂರಬೇಕು. ಆ ಸುಡುವ ಎಣ್ಣೆಯೇ ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರೇಕ್ ಲೈನಿಂಗಿಗೆಂದು ಅಮೆರಿಕಕ್ಕೆ ಬೇಕಾದ ಸಾಮಗ್ರಿ. ಕೊಲ್ಲಂ, ಮಂಗಳೂರುಗಳಲ್ಲಿ ಬೀಜ ಒಡೆಯುತ್ತಿದ್ದವರನ್ನು ಹೋಮ್ ಫ್ರಂಟಿನ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಹಿಡಿಯಬೇಕು ಎಂಬುದು ನಮ್ಮ ಅಭಿಪ್ರಾಯ.

ಪದದ ಇನ್ನೊಂದು ಮುಖ ರೇಷನ್. ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಬೇಕನ್‌ನಿಂದ ಶುರುವಾಯಿತು. 1941ರ ಜೂನ್‌ನಲ್ಲಿ ಬಟ್ಟೆಗೂ ಬಂತು: ಮೊದಲ ವರ್ಷಕ್ಕೆ ತಲೆಗೆ 66 ಕೂಪನ್, ಹೆಂಗಸಿನ ಒಂದು ಉಣ್ಣೆ ಉಡುಪಿಗೇ 11. ನಮ್ಮಲ್ಲಿ 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿ ಬರ್ಮಾ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ರೇಷನ್ ಬಂತು. ರೇಷನ್ನಿನ ಕಷ್ಟ ತೂಕದಲ್ಲಷ್ಟೇ ಅಲ್ಲ. ಕುಚ್ಚಲಕ್ಕಿ ಉಣ್ಣುವ ಮನೆಗೆ ಬೆಳ್ತಿಗೆ (ಕುದಿಸದ ಬಿಳಿ ಅಕ್ಕಿ) ಕೊಟ್ಟರೆ ಗಂಜಿ ಮುದ್ದೆಯಾಗುತ್ತದೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕುಚ್ಚಲಕ್ಕಿಯನ್ನೇ ಕೊಟ್ಟರೆ ಬೇಯಲು ಹೊತ್ತು ಬೇಕು, ಸೌದೆ ಹೆಚ್ಚು. ಗೋಧಿ ಕೊಟ್ಟರೆ ಬೀಸಬೇಕು. ಕಾರ್ಡಿನಲ್ಲಿ ಕಾಣುವುದು ಧಾನ್ಯ ಮಾತ್ರ; ಸೌದೆ, ಕ್ಯೂ, ಬೀಸುವ ಹೊತ್ತು ಕಾಣುವುದಿಲ್ಲ.

'ಗಂಡ ಯುದ್ಧಕ್ಕೆ ಹೋದಮೇಲೆ ಹೆಂಡತಿಯೇ ಯಜಮಾನಿ' ಎಂಬ ಮಾತನ್ನಂತೂ ಕರಾವಳಿಗೆ ಹಾಗೇ ತಂದು ಹಾಕಬಾರದು. ಆಗಿನ ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ಹೆಣ್ಣಿನ ಕವರಿನಲ್ಲಿ, ಅಂದರೆ ತಾಯಿಯ ಕಡೆಯ ಕವಲಿನಲ್ಲಿ, ಇಳಿಯುತ್ತಿತ್ತು. ಯಜಮಾನಿಕೆ ಸಾಮಾನ್ಯವಾಗಿ ತಾಯಿಯ ಕಡೆಯ ಹಿರಿಯ ಮಾವನದು, ಕೆಲವೊಮ್ಮೆ ಯಜಮಾನ್ತಿಯದು. ಅಂಥ ಕಡೆ ಗಂಡ ಪಟಾಲಮಿಗೆ (ಸೈನ್ಯಕ್ಕೆ) ಸೇರಿದರೆ ಅವಳ ಕುಟುಂಬದ ಕಾಗದದಲ್ಲಿ ಸಹಿ ಬದಲಾಗಬೇಕೆಂದಿರಲಿಲ್ಲ. ಹೋದವನು ಮಾವನಾದರೆ ಬದಲಾಗುತ್ತಿತ್ತು.

ಇನ್ನು 'ಯುದ್ಧ ಮುಗಿಯುವವರೆಗೆ' ಎಂಬ ಷರತ್ತು. 1919ರಲ್ಲಿ ಬ್ರಿಟನ್ ಕಾನೂನು ಮಾಡಿ ಕಾರ್ಖಾನೆಗಳ ಯುದ್ಧಪೂರ್ವ ಪದ್ಧತಿಯನ್ನು ಮರಳಿ ತಂದಿತು. ಲೇತಿನಿಂದ ಹೆಂಗಸರು ಇಳಿಯಬೇಕಾಯಿತು. 1918ರಲ್ಲಿ ಮತ ಸಿಕ್ಕಿದ್ದೂ 30 ದಾಟಿ, ಆಸ್ತಿಯ ಅರ್ಹತೆ ಇದ್ದವರಿಗೆ. ಶೆಲ್ಲು ತುಂಬಿದ ಇಪ್ಪತ್ತರ ಹುಡುಗಿಯರಿಗಲ್ಲ. ಅಮೆರಿಕದಲ್ಲಿ ದುಡಿಯುವ ತಾಯಂದಿರಿಗಾಗಿ ಯುದ್ಧಕಾಲದ ಲ್ಯಾನ್‌ಹಮ್ ಕಾಯ್ದೆಯಡಿ ನಡೆದ ಶಿಶುಗೃಹಗಳಿಗೆ 1946ರಲ್ಲಿ ಹಣ ನಿಂತಿತು.

ಹೆಂಗಸರಿಗೆ ಸಿಕ್ಕಿದ ಕೆಲಸ ಹೀಗೆ ಬೇಗ ಹಿಂದಕ್ಕೆ ಹೋಗುತ್ತದೆ, ಮನೆಯ ಮೇಲೆ ಬಿದ್ದ ಕಟ್ಟಳೆ ಹೋಗುವುದಿಲ್ಲ. ಬ್ರಿಟನ್ನಿನ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ನಮ್ಮ 1962ರ ಚೀನಾ ಯುದ್ಧ ಒಂದು ತಿಂಗಳಿನದು. ಆಗ ಹೆಂಗಸರು ಬಳೆ, ಸರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. 1963ರ ಜನವರಿಯಲ್ಲಿ, ಭಾರತ ರಕ್ಷಣಾ ನಿಯಮಗಳಡಿಯಲ್ಲೇ, 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಬಾರದೆಂಬ ಚಿನ್ನ ನಿಯಂತ್ರಣ ಬಂತು. 22 ಕ್ಯಾರೆಟ್ಟಿನಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನ, 14ರಲ್ಲಿ 58. ಉಳಿದದ್ದು ತಾಮ್ರ, ಬೆಳ್ಳಿ. ಬಣ್ಣ ಮಾಸಲು, ಲೋಹ ಗಡುಸು. ಕರಿಮಣಿ ಪೋಣಿಸುವ ಎಳೆಯಷ್ಟು ಸಣ್ಣಗೆ ಎಳೆಯಲು ಹೋದರೆ ಆಚಾರಿಯ ಕೈಯಲ್ಲಿ ಬಿರುಕು ಬಿಡಬಹುದು. ಈ ಮಿತಿ 1966ರಲ್ಲಿ ಹೋಯಿತು. ಚಿನ್ನದ ಗಟ್ಟಿ ಇಟ್ಟುಕೊಳ್ಳಬಾರದೆಂಬ ನಿರ್ಬಂಧ ಮಾತ್ರ 1968ರ ಕಾಯ್ದೆಯಾಗಿ 1990ರವರೆಗೂ ಉಳಿಯಿತು.