ಪದರ ಹೆಚ್ಚಿದಷ್ಟೂ ಚಾಕು ಹರಿತವೇ?

ಓದುಗರ ಪ್ರಶ್ನೆ: ಮೈತುಂಬ ಅಲೆಅಲೆಯಾಗಿ ಗೆರೆಗಳಿರುವ ‘ಡಮಾಸ್ಕಸ್’ ಅಡುಗೆ ಚಾಕುಗಳನ್ನು ಮಾರುವವರು 67 ಪದರ, 200 ಪದರ ಎಂದು ಎಣಿಕೆ ಹೇಳುತ್ತಾರೆ. ಪದರಗಳು ಹೆಚ್ಚಿದಷ್ಟೂ ಚಾಕು ಹೆಚ್ಚು ಹರಿತವಾಗಿ, ಹೆಚ್ಚು ಕಾಲ ಬಾಳುತ್ತದೆಯೇ?

ಉತ್ತರ: ಇಲ್ಲ. ಚಾಕುವಿನ ಹರಿತವನ್ನು ನಿರ್ಧರಿಸುವುದು ಅದರ ಬಾಯಲ್ಲಿ, ಅಂದರೆ ಕೊಯ್ಯುವ ಅಂಚಿನಲ್ಲಿ, ಯಾವ ಉಕ್ಕಿದೆ, ಆ ಉಕ್ಕಿಗೆ ಎಂತಹ ಹದ ಕೊಡಲಾಗಿದೆ ಮತ್ತು ಆ ಬಾಯನ್ನು ಎಷ್ಟು ತೆಳುವಾಗಿ ಮಸೆಯಲಾಗಿದೆ ಎಂಬ ಮೂರು ಸಂಗತಿಗಳು. ಒಂದೇ ಬಗೆಯ ಒಳ್ಳೆಯ ಉಕ್ಕಿನಿಂದ ಮಾಡಿ, ಸರಿಯಾಗಿ ಹದಗೊಳಿಸಿದ ಗೆರೆಯಿಲ್ಲದ ಚಾಕು, ಹದ ತಪ್ಪಿದ 200 ಪದರಗಳ ಚಾಕುವಿಗಿಂತ ಟೊಮೆಟೊವನ್ನು ಚೆನ್ನಾಗಿಯೇ ಹೆಚ್ಚುತ್ತದೆ. ಹಾಗೆಂದು ಆ ಗೆರೆಗಳನ್ನು ಬರೀ ತೋರಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಅವು ಹೇಗೆ ಮೂಡುತ್ತವೆ ಎಂಬುದನ್ನು ತಿಳಿದರೆ ಅವುಗಳ ಬೆಲೆ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಇಂತಹ ಚಾಕುವನ್ನು ಕೈಯಿಂದ ಮಾಡುವ ಇಂದಿನ ಕಮ್ಮಾರರಲ್ಲಿ ಹಲವರು 1095 ಮತ್ತು 15ಎನ್20 ಎಂಬ ಎರಡು ಉಕ್ಕುಗಳನ್ನು ಜೋಡಿಯಾಗಿ ಬಳಸುತ್ತಾರೆ. ಮೊದಲನೆಯದರಲ್ಲಿ ಸುಮಾರು ಶೇ. 0.95ರಷ್ಟು ಇಂಗಾಲವಿದೆ, ಎರಡನೆಯದರಲ್ಲಿ ಸುಮಾರು ಶೇ. 0.75ರಷ್ಟು ಇಂಗಾಲದ ಜೊತೆಗೆ ಶೇ. 2ರಷ್ಟು ನಿಕಲ್ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಗಟ್ಟಿಯಾಗುವುದರಿಂದ ಇವುಗಳ ಜೋಡಿ ಹೊಂದುತ್ತದೆ. ಪಟ್ಟಿಗಳನ್ನು ಹೊಳಪು ಬರುವಂತೆ ಉಜ್ಜಿ, ಒಂದರ ಮೇಲೊಂದು ಬದಲಿಸಿ ಪೇರಿಸಿ, ತುದಿಗಳನ್ನು ವೆಲ್ಡ್ ಮಾಡಿ, ಹಿಡಿಯಲು ಒಂದು ಸರಳನ್ನು ಅಂಟಿಸಿ ಕುಲುಮೆಗೆ ಇಡುತ್ತಾರೆ.

ಇಡೀ ಕೆಲಸದ ಜೀವವಿರುವುದು ಮುಂದಿನ ಕೆಲವು ನಿಮಿಷಗಳಲ್ಲಿ. ಕಟ್ಟು ಕೆಂಪಗೆ ಕಾದಾಗ ಅದರ ಮೇಲೆ ಬಿಳಿಗಾರವನ್ನು ಉದುರಿಸುತ್ತಾರೆ. ಅದು ಗಾಜಿನಂತೆ ಕರಗಿ ಸಂದುಗಳಿಗೆ ಇಳಿದು, ಅಲ್ಲಿನ ಕಿಟ್ಟವನ್ನು ಕರಗಿಸಿಕೊಳ್ಳುತ್ತದೆ, ಹೊಸ ಗಾಳಿ ತಾಗದಂತೆಯೂ ತಡೆಯುತ್ತದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಕಟ್ಟು ಹೊಳೆಯುವ ಹಳದಿ ಬಣ್ಣಕ್ಕೆ ತಿರುಗಿದಾಗ, ಅದನ್ನು ಹೊರತೆಗೆದು ಒಂದು ತುದಿಯಿಂದ ಇನ್ನೊಂದರವರೆಗೆ ಹಗುರವಾದ, ಆದರೆ ಬಿರುಸಿನ ಪೆಟ್ಟುಗಳನ್ನು ಹಾಕುತ್ತ ಹೋಗುತ್ತಾರೆ. ಇಲ್ಲಿ ಉಕ್ಕು ಕರಗುವುದಿಲ್ಲ. ಶುದ್ಧವಾದ ಎರಡು ಮೈಗಳು ಆ ಶಾಖದಲ್ಲಿ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿರುವಾಗಲೇ ಒಂದಾಗುತ್ತವೆ. ಎಲ್ಲೋ ಒಂದೆಡೆ ಚೂರು ಕಿಟ್ಟ ಉಳಿದರೂ ಅಲ್ಲಿ ಬೆಸುಗೆ ಹಿಡಿಯುವುದಿಲ್ಲ, ಮತ್ತು ಆ ದೋಷ ಕಣ್ಣಿಗೆ ಬೀಳುವುದು ಬಹುತೇಕ ಕೊನೆಯಲ್ಲಿ, ಚಾಕುವಿನ ಆಕಾರ ಪೂರ್ತಿಯಾಗಿ ಅಲಗನ್ನು ಮಸೆಯುತ್ತಿರುವಾಗ. ದಿನಗಟ್ಟಲೆಯ ದುಡಿಮೆ ಒಂದು ಕೂದಲೆಳೆಯ ಬಿರುಕಿನಿಂದ ವ್ಯರ್ಥವಾಗಬಹುದು ಎಂಬುದು ಕೈಯಿಂದ ಮಾಡಿದ ಇಂತಹ ಚಾಕುವಿನ ಬೆಲೆಯಲ್ಲಿ ಸೇರಿದೆ. ಆ ಬೆಲೆ ನ್ಯಾಯವಾದದ್ದು ಎಂದೇ ನಾನು ತಿಳಿಯುತ್ತೇನೆ.

ಪದರಗಳ ಲೆಕ್ಕ ಮಾತ್ರ ಬಹಳ ಸುಲಭ. 15 ಪಟ್ಟಿಗಳ ಕಟ್ಟನ್ನು ಬಡಿದು ಉದ್ದ ಮಾಡಿ, ನಡುವೆ ಕತ್ತರಿಸಿ, ಮಡಚಿ ಮತ್ತೆ ಬೆಸೆದರೆ 30. ಹೀಗೆಯೇ 60, 120, 240. ನಾಲ್ಕೇ ಮಡಿಕೆಗೆ 200 ದಾಟುತ್ತದೆ. ಪದರಗಳು ತೆಳುವಾದಂತೆ ಬೆಸುಗೆಯ ಶಾಖದಲ್ಲಿ ಇಂಗಾಲವು ಒಂದು ಪದರದಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳಲ್ಲಿ ಹರಿದು ಎಲ್ಲೆಡೆ ಸಮವಾಗುತ್ತದೆ. ಆದ್ದರಿಂದ ‘ಗಟ್ಟಿ ಪದರ, ಮೆದು ಪದರ ಸೇರಿ ಗರಗಸದಂತೆ ಕೊಯ್ಯುತ್ತದೆ’ ಎಂಬ ಮಾತಿಗೆ ಇಂತಹ ಚಾಕುವಿನಲ್ಲಿ ಆಧಾರವಿಲ್ಲ. ನಿಕಲ್ ಮಾತ್ರ ಇಂಗಾಲದಂತೆ ಸುಲಭವಾಗಿ ಚಲಿಸದೆ ತನ್ನ ಪದರದಲ್ಲೇ ಉಳಿಯುತ್ತದೆ. ನಾವು ಕಾಣುವ ಗೆರೆ ಅದರ ಗುರುತು. ಮಡಿಕೆಗಳು ತೀರ ಹೆಚ್ಚಾದರೆ ಆ ಗೆರೆಗಳೂ ಒಂದರೊಳಗೊಂದು ಕಲಸಿ ಮಸುಕಾಗುತ್ತವೆ, ಆದ್ದರಿಂದ ಅಂದಕ್ಕೂ ಅತಿಯಾದ ಎಣಿಕೆ ಒಳ್ಳೆಯದಲ್ಲ.

ಮರದ ಹಲಗೆಯನ್ನು ಕೊಯ್ದ ಕೋನಕ್ಕೆ ತಕ್ಕಂತೆ ಅದರ ಉಂಗುರಗಳು ಬೇರೆಬೇರೆಯಾಗಿ ಕಾಣುವ ಹಾಗೆ, ಪದರಗಳನ್ನು ಕದಲಿಸಿ ಕೊಯ್ದ ಬಗೆಯಿಂದ ವಿನ್ಯಾಸ ಮೂಡುತ್ತದೆ. ಕಟ್ಟಿನಲ್ಲಿ ಆಳವಿಲ್ಲದ ಕುಳಿಗಳನ್ನು ಕೊರೆದು ಬಡಿದು ಸಮ ಮಾಡಿದರೆ ಮಳೆಹನಿಯ ಸುತ್ತುಗಳು, ಅಡ್ಡಗೀರು ಹಾಕಿ ಸಮ ಮಾಡಿದರೆ ಏಣಿಯ ಮೆಟ್ಟಿಲುಗಳು, ಸರಳನ್ನು ತಿರುಚಿದರೆ ನಕ್ಷತ್ರದಂತಹ ಸುಳಿಗಳು ಬರುತ್ತವೆ.

ಹರಿತಕ್ಕೆ ಕಾರಣವಾಗುವ ಹದ ಆಮೇಲಿನದು. ಅಲಗನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದುತ್ತಾರೆ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದರಿಂದ, ಶಾಖ ಅಲ್ಲಿಗೆ ಮುಟ್ಟಿತೇ ಎಂಬುದನ್ನು ಅಯಸ್ಕಾಂತ ತಾಗಿಸಿ ತಿಳಿಯಬಹುದು; ಅದರ ತುಸು ಮೇಲಿನ ಶಾಖವನ್ನು ಅನುಭವಿ ಕಮ್ಮಾರನು ಬಣ್ಣದಿಂದಲೇ ಗುರುತಿಸುತ್ತಾನೆ. ಅದ್ದಿದ ಉಕ್ಕು ಗಾಜಿನಂತೆ ಪೆಡಸಾಗಿರುತ್ತದೆ. ಅದನ್ನು ಸುಮಾರು 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಕಾಯಿಸಿದಾಗ ಗಡಸುತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಕೊನೆಗೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ನಿಕಲ್ ಇಲ್ಲದ ಪದರಗಳು ಕಪ್ಪಾಗಿ, ನಿಕಲ್ ಇರುವವು ಬೆಳ್ಳಗೆ ಉಳಿದು, ಅಲ್ಲಿಯವರೆಗೆ ಅಡಗಿದ್ದ ವಿನ್ಯಾಸ ಹೊರಬರುತ್ತದೆ.

ಅಂಗಡಿಯಲ್ಲಿ ಸಿಗುವ 67 ಪದರಗಳ ಚಾಕು ಬೇರೆಯೇ ರಚನೆಯದು. ಅದರಲ್ಲಿ ನಡುವೆ ಗಟ್ಟಿ ಉಕ್ಕಿನ ಒಂದು ಹಲಗೆ, ಎರಡು ಮಗ್ಗುಲಿಗೆ 33ರಂತೆ ಅಲಂಕಾರದ ಪದರಗಳು. ಬಾಯಲ್ಲಿ ಇರುವುದು ನಡುವಿನ ಆ ಒಂದೇ ಪದರ.

ಹೆಸರಿನ ವಿಷಯದಲ್ಲಿ ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದಿದೆ. ಡಮಾಸ್ಕಸ್ ಕತ್ತಿಗಳಿಗೆ ಕೀರ್ತಿ ತಂದ ಉಕ್ಕು ಪದರಗಳ ಬೆಸುಗೆಯದಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕರಗಿಸಿ ಮಾಡಿದ್ದು. ಇಂಗ್ಲಿಷಿನಲ್ಲಿ ಅದಕ್ಕಿರುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂತಹ ಮೂಸೆಯ ಕೆಲಸವನ್ನು ಕಂಡು ದಾಖಲಿಸಿದ್ದಾರೆ. ಆ ಉಕ್ಕಿನ ಗಟ್ಟಿಯನ್ನು ಮತ್ತೆಮತ್ತೆ ಕಾಯಿಸಿ ಬಡಿಯುವಾಗ ಅದರೊಳಗಿನ ಕಾರ್ಬೈಡ್ ಕಣಗಳು, ಅಂದರೆ ಕಬ್ಬಿಣ ಮತ್ತು ಇಂಗಾಲ ಕೂಡಿದ ಗಡಸು ಕಣಗಳು, ಸಾಲುಗಟ್ಟಿ ಗೆರೆಗಳಾಗುತ್ತಿದ್ದವು. ಅಮೆರಿಕದ ಕಮ್ಮಾರ ಬಿಲ್ ಮೊರಾನ್ 1973ರಲ್ಲಿ ಬೆಸುಗೆಯ ಪದರಗಳ ಚಾಕುಗಳನ್ನು ‘ಡಮಾಸ್ಕಸ್’ ಎಂದು ಪ್ರದರ್ಶಿಸಿದ ಮೇಲೆ ಆ ಹೆಸರು ಇವುಗಳಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಮೂಸೆಯ ಉಕ್ಕನ್ನು ಮಾಡಿದವರ ನೆಲದಲ್ಲಿಯೂ ಈ ವ್ಯತ್ಯಾಸ ಮರೆತುಹೋಗಿರುವುದು ನನಗೆ ನೋವಿನ ವಿಷಯ.

ಕೊಳ್ಳುವವರು ಪದರಗಳ ಎಣಿಕೆಯ ಬದಲು ಬಾಯ ಉಕ್ಕು ಯಾವುದು, ಅದನ್ನು ಹೇಗೆ ಹದಗೊಳಿಸಿದ್ದಾರೆ ಎಂದು ಕೇಳಲಿ; ಜೊತೆಗೆ ಚಾಕುವಿನ ಬೆನ್ನನ್ನು ನೋಡಲಿ. ಪದರಗಳು ನಿಜವಾಗಿದ್ದರೆ ಮಗ್ಗುಲಿನ ಗೆರೆಗಳು ಬೆನ್ನಿನಲ್ಲೂ ಕಾಣುತ್ತವೆ. ಮೇಲ್ಮೈಗೆ ಅಚ್ಚು ಹಾಕಿದ್ದರೆ ಅಂಚಿನಲ್ಲೇ ನಿಂತುಬಿಡುತ್ತವೆ. 1095ರಂತಹ ಉಕ್ಕು ತುಕ್ಕು ಹಿಡಿಯುವಂಥದ್ದು. ನಿಂಬೆ, ಮಾವಿನಕಾಯಿ ಹೆಚ್ಚಿದ ಕೂಡಲೇ ತೊಳೆದು ಒರೆಸಿ, ಎತ್ತಿಡುವಾಗ ಒಂದು ಹನಿ ಎಣ್ಣೆ ಸವರಬೇಕು. ತೆಂಗಿನಕಾಯಿ ಒಡೆಯಲು ಇದನ್ನು ಬಳಸಲೇಬಾರದು. ವರ್ಷಗಳ ಬಳಕೆಯಲ್ಲಿ ವಿನ್ಯಾಸ ಮಾಸಿದರೆ ಅಲಗನ್ನು ನಯವಾಗಿ ಉಜ್ಜಿ ಮತ್ತೊಮ್ಮೆ ದ್ರಾವಣಕ್ಕೆ ಇಳಿಸಬಹುದು. ಉಜ್ಜಿದಷ್ಟು ಆಳಕ್ಕೆ ಹೊಸ ಪದರಗಳು ತೆರೆದುಕೊಳ್ಳುವುದರಿಂದ ಗೆರೆಗಳು ಮೊದಲಿನ ಜಾಗದಿಂದ ತುಸು ಸರಿದು ಮತ್ತೆ ಮೂಡುತ್ತವೆ.